ಮತಗಟ್ಟೆಯೊಳಗೆ ಜಾತಿ ಎಷ್ಟು ಕೆಲಸ ಮಾಡುತ್ತದೆ: ಮೈಸೂರು, ಮಂಡ್ಯದಲ್ಲಿ ಅಳೆಯುವ ಬಗೆ

ಮಂಡ್ಯ ಸೀಮೆಯ ಯಾವುದೇ ಊರಿನ ಅರಳಿಕಟ್ಟೆಯಲ್ಲಿ "ನೀವು ಜಾತಿ ನೋಡಿ ವೋಟು ಹಾಕ್ತೀರಾ?" ಎಂದು ಕೇಳಿ. "ಅಯ್ಯೋ, ಹಂಗೇನಿಲ್ಲ ಸಾ, ಕೆಲ್ಸ ನೋಡಿ ಹಾಕೋದು" ಎಂಬ ಉತ್ತರ ಬರುತ್ತದೆ. ಅದೇ ಮನುಷ್ಯನಿಗೆ "ನಿಮ್ಮೂರಲ್ಲಿ ಬೇರೆಯವರು ಹೆಂಗೆ?" ಎಂದರೆ, "ಅವ್ರೆಲ್ಲ ಜಾತಿ ನೋಡೇ ಹಾಕೋದು" ಎನ್ನುತ್ತಾನೆ. ಎರಡೂ ಉತ್ತರದಿಂದ ಲೆಕ್ಕ ಹುಟ್ಟುವುದಿಲ್ಲ. ಪೂರ್ವಗ್ರಹ ನೇರ ಪ್ರಶ್ನೆಗೆ ಬಾಯಿ ಬಿಡುವುದಿಲ್ಲ. ಬೇರೆಲ್ಲ ಒಂದೇ ಇದ್ದು ಜಾತಿ ಮಾತ್ರ ಬೇರೆಯಾದ ಎರಡು ಸಂದರ್ಭಗಳನ್ನು ಪಕ್ಕಪಕ್ಕ ಇಟ್ಟಾಗ ಮಾತ್ರ ಅದು ಕಾಣುತ್ತದೆ. ರಾಜ್ಯಶಾಸ್ತ್ರದ ವಿದ್ಯಾರ್ಥಿಗಳು, ತಾಲ್ಲೂಕು ಮಟ್ಟದ ವರದಿಗಾರರು, ಸಂಘಟನೆಗಳ ಕಾರ್ಯಕರ್ತರು ಕಡಿಮೆ ಖರ್ಚಿನಲ್ಲಿ ಇದನ್ನು ಹೇಗೆ ಮಾಡಬಹುದು ಎಂಬುದನ್ನು ಇಲ್ಲಿ ಬರೆದಿದ್ದೇವೆ.

ವಿಧಾನಗಳು ಹೆಚ್ಚಿನಂಶ ಅಮೆರಿಕದಲ್ಲಿ, ಜನಾಂಗೀಯ ಪೂರ್ವಗ್ರಹವನ್ನು ಅಳೆಯಲು ಹೋಗಿ ಹುಟ್ಟಿದವು. 1982ರಲ್ಲಿ ಲಾಸ್ ಏಂಜಲೀಸ್‌ನ ಮೇಯರ್ ಟಾಮ್ ಬ್ರಾಡ್ಲಿ ಎಂಬ ಕಪ್ಪು ಜನಾಂಗದ ನಾಯಕ ಕ್ಯಾಲಿಫೋರ್ನಿಯಾ ಗವರ್ನರ್ ಹುದ್ದೆಗೆ ನಿಂತರು. ಸಮೀಕ್ಷೆಗಳಲ್ಲಿ ಮುಂದಿದ್ದರು, ಎಣಿಕೆಯಲ್ಲಿ ಲಕ್ಷಕ್ಕಿಂತ ಕಡಿಮೆ ಮತಗಳಿಂದ ಸೋತರು. 1989ರಲ್ಲಿ ವರ್ಜೀನಿಯಾದಲ್ಲಿ ಡಗ್ಲಸ್ ವೈಲ್ಡರ್ ಗೆದ್ದರೂ, ಸಮೀಕ್ಷೆ ತೋರಿಸಿದ್ದ ದೊಡ್ಡ ಅಂತರ ಏಳು ಸಾವಿರದೊಳಗೆ ಕುಗ್ಗಿತ್ತು. ಅಂಚೆ ಮತಗಳಂಥ ಬೇರೆ ಕಾರಣಗಳ ಬಗ್ಗೆಯೂ ಚರ್ಚೆ ನಡೆದಿದೆ. ಆದರೆ ಮನೆ ಬಾಗಿಲಲ್ಲಿ ನಿಂತ ಅಪರಿಚಿತನಿಗೆ ಜನ ಮರ್ಯಾದೆಯ ಉತ್ತರ ಕೊಡುತ್ತಾರೆ ಎಂಬ ಅನುಮಾನ ಅಲ್ಲಿಂದ ಗಟ್ಟಿಯಾಯಿತು. ನಮ್ಮಲ್ಲೂ ಹಾಗೇ.

ಒಂದು ವ್ಯತ್ಯಾಸ ನೆನಪಿರಲಿ. ಅಲ್ಲಿ ಚರ್ಮದ ಬಣ್ಣ ಕಣ್ಣಿಗೆ ಕಾಣುತ್ತದೆ. ಇಲ್ಲಿ ಜಾತಿಯನ್ನು ಕೇರಿಯಿಂದ, ಮನೆದೇವರಿಂದ, ನೆಂಟರ ಊರಿನಿಂದ ತಿಳಿಯುತ್ತಾರೆ. "ನಿಮ್ಮ ಮನೆದೇವ್ರು ಯಾವುದು?" ಎಂಬ ಪ್ರಶ್ನೆ ಹಳೇ ಮೈಸೂರಿನಲ್ಲಿ ಎಷ್ಟೋ ಸಲ ದೇವರ ಬಗ್ಗೆ ಆಗಿರುವುದಿಲ್ಲ.

ಮೊದಲು ಏನನ್ನು ಅಳೆಯುತ್ತಿದ್ದೀರಿ ಎಂದು ಬರೆದಿಟ್ಟುಕೊಳ್ಳಿ

ಹೆಚ್ಚಿನ ಅಧ್ಯಯನಗಳು ಎಡವುವುದು ಇಲ್ಲೇ. ಕುರುಬರ ಮನೆಯವರು ಕುರುಬ ಅಭ್ಯರ್ಥಿಗೆ, ಒಕ್ಕಲಿಗರು ಒಕ್ಕಲಿಗ ಅಭ್ಯರ್ಥಿಗೆ ಹಾಕಿದರೆ ಅದು ಪೂರ್ವಗ್ರಹ ಎಂದು ಬರೆದುಬಿಡುತ್ತಾರೆ. ಅದು 'ನಮ್ಮೋರು' ಎಂಬ ಒಲವು ಇರಬಹುದು, ಪಕ್ಷದ ನಿಷ್ಠೆ ಇರಬಹುದು, ರಸ್ತೆ ಮಾಡಿಸಿಕೊಡುತ್ತಾನೆ ಎಂಬ ಲೆಕ್ಕಾಚಾರವೂ ಇರಬಹುದು. ಒಲವು ಒಂದು, ತಾತ್ಸಾರ ಇನ್ನೊಂದು. ಎರಡನ್ನೂ ಬೇರ್ಪಡಿಸಲು ಕೇಳಬೇಕಾದದ್ದು ಇಷ್ಟು: ತನ್ನ ಜಾತಿಯವರು ಯಾರೂ ಕಣದಲ್ಲಿ ಇಲ್ಲದಾಗ ಈ ಮತದಾರ ಏನು ಮಾಡುತ್ತಾನೆ? ಕುರುಬ ಮತದಾರನ ಮುಂದೆ ಒಬ್ಬ ಒಕ್ಕಲಿಗ, ಒಬ್ಬ ದಲಿತ ಅಭ್ಯರ್ಥಿ ಇದ್ದು, ಉಳಿದೆಲ್ಲ ಸಮನಾಗಿದ್ದೂ ದಲಿತನ ಕಡೆ ಕೈ ಹೋಗುವುದು ಕಡಿಮೆಯಾದರೆ, ಅದಕ್ಕೆ ಒಲವು ಎಂಬ ನೆಪ ಸಾಲದು. ಮುಂದಿನ ಎಲ್ಲ ಹಂತಗಳೂ ಈ ಒಂದು ಹೋಲಿಕೆಯನ್ನು ಹುಡುಕಿಕೊಂಡು ಹೋಗುತ್ತವೆ.

ಪಕ್ಷವನ್ನು ಪಕ್ಕಕ್ಕಿಡಲು ಗ್ರಾಮ ಪಂಚಾಯಿತಿ ಚುನಾವಣೆ ಒಳ್ಳೆಯ ಜಾಗ. ಅಲ್ಲಿ ಪಕ್ಷದ ಚಿಹ್ನೆ ಇಲ್ಲ. ಅನೌಪಚಾರಿಕವಾಗಿ ಪಕ್ಷ ಇದ್ದೇ ಇರುತ್ತದೆ, ಆದರೆ ಚಿಹ್ನೆ ನೋಡಿ ಒತ್ತಿದೆ ಎಂಬ ವಿವರಣೆ ಅಲ್ಲಿ ನಡೆಯುವುದಿಲ್ಲ.

ಮನೆಯಲ್ಲೇ ಕೂತು ಮಾಡುವ ಕೆಲಸ: ಫಾರ್ಮ್ 20

ಊರಿಗೆ ಹೋಗುವ ಮೊದಲು ಮತಗಟ್ಟೆವಾರು ಫಲಿತಾಂಶ ನೋಡಿ. ಪ್ರತಿ ವಿಧಾನಸಭಾ ಕ್ಷೇತ್ರಕ್ಕೂ ಫಾರ್ಮ್ 20 ಎಂಬ ಅಂತಿಮ ಫಲಿತಾಂಶ ಪಟ್ಟಿ ಇದೆ. ಯಾವ ಮತಗಟ್ಟೆಯಲ್ಲಿ ಯಾರಿಗೆ ಎಷ್ಟು, ನೋಟಾ ಎಷ್ಟು ಎಂದು ಸಾಲು ಸಾಲಾಗಿ ಇರುತ್ತದೆ. ಮುಖ್ಯ ಚುನಾವಣಾಧಿಕಾರಿಗಳ ಜಾಲತಾಣದಲ್ಲಿ ಸಿಗುತ್ತದೆ. ಎಷ್ಟೋ ಪುಟಗಳು ಸ್ಕ್ಯಾನ್ ಮಾಡಿದ ಚಿತ್ರಗಳಾದ್ದರಿಂದ ಅಂಕಿಗಳನ್ನು ಕೈಯಲ್ಲೇ ಟೈಪ್ ಮಾಡಬೇಕು. ಪ್ರತಿ ಸಾಲಿನ ಮೊತ್ತವನ್ನು ಮತ್ತೆ ಕೂಡಿ ತಾಳೆ ನೋಡಿ. 3 ಮತ್ತು 8 ಅದಲುಬದಲಾಗುವುದು ತೀರಾ ಸಾಮಾನ್ಯ. ಕೊನೆಯ ಅಂಚೆ ಮತದ ಸಾಲನ್ನು ಬಿಟ್ಟುಬಿಡಿ, ಅದು ಯಾವ ಊರಿಗೂ ಸೇರಿದ್ದಲ್ಲ.

ಮುಂದಿನದು ಆ ಮತಗಟ್ಟೆಯಲ್ಲಿ ಯಾವ ಸಮುದಾಯದವರು ಎಷ್ಟಿದ್ದಾರೆ ಎಂಬುದು. ಮತದಾರರ ಪಟ್ಟಿಯಲ್ಲಿ ಜಾತಿಯ ಕಾಲಂ ಇಲ್ಲ. ಹೆಸರು ನೋಡಿ ಜಾತಿ ಊಹಿಸುವ ಚಟಕ್ಕೆ ಬೀಳಬೇಡಿ. ಪುಟ್ಟಸ್ವಾಮಿ, ಮಹದೇವ, ಶಿವಣ್ಣ, ಸಿದ್ದರಾಜು ಈ ಭಾಗದಲ್ಲಿ ನಾಲ್ಕೈದು ಜಾತಿಗಳಲ್ಲಿ ಇರುವ ಹೆಸರುಗಳು. ಹೆಸರಿನ ಕೊನೆಯಲ್ಲಿ ಗೌಡ ಇದ್ದವರೆಲ್ಲ ಒಕ್ಕಲಿಗರಲ್ಲ, ಒಕ್ಕಲಿಗರೆಲ್ಲ ಗೌಡ ಎಂದು ಬರೆಸುವುದೂ ಇಲ್ಲ. ಇದಕ್ಕಿಂತ ನಂಬಬಹುದಾದ ದಾರಿ ಮತದಾರರ ಪಟ್ಟಿಯ ಮೊದಲ ಪುಟದಲ್ಲೇ ಇದೆ. ಪ್ರತಿ ಭಾಗವನ್ನು ಬೀದಿವಾರು ವಿಭಾಗಗಳಾಗಿ ಒಡೆದಿರುತ್ತಾರೆ: ಎ.ಕೆ. ಕಾಲೋನಿ, ಅಂಬೇಡ್ಕರ್ ಬೀದಿ, ಜನತಾ ಕಾಲೋನಿ, ಲಿಂಗಾಯತರ ಬೀದಿ ಎಂದೆಲ್ಲ. ಎ.ಕೆ. ಎಂದರೆ ಆದಿ ಕರ್ನಾಟಕ. ಹಳ್ಳಿಯನ್ನು ಜಾತಿಯೇ ಬೀದಿಗಳಾಗಿ ಕತ್ತರಿಸಿಟ್ಟಿರುವುದರಿಂದ ಈ ಲೆಕ್ಕ ಸಾಧ್ಯವಾಗುತ್ತಿದೆ ಎಂಬುದನ್ನು ಮರೆಯದೆ ಎಣಿಸಿ. ಜನತಾ ಕಾಲೋನಿಯಲ್ಲಿ ಮಾತ್ರ ಎಲ್ಲ ಜಾತಿಯ ಬಡವರೂ ಇರುತ್ತಾರೆ, ಅದನ್ನು ಊರಲ್ಲಿ ವಿಚಾರಿಸಿಯೇ ಸೇರಿಸಬೇಕು.

ಬಂದ ಸಂಖ್ಯೆಯನ್ನು 2011ರ ಜನಗಣತಿಯ ಗ್ರಾಮವಾರು ಪರಿಶಿಷ್ಟ ಜಾತಿ ಸಂಖ್ಯೆಯೊಂದಿಗೆ ಹೋಲಿಸಿ. ನಿಮ್ಮದು ಶೇ. 31, ಜನಗಣತಿಯದು ಶೇ. 28 ಇದ್ದರೆ ಸರಿ. 31ಕ್ಕೆ 18 ಬಂದರೆ ವಿಭಾಗಗಳನ್ನು ತಪ್ಪಾಗಿ ಓದಿದ್ದೀರಿ. ಪರಿಶಿಷ್ಟ ಜಾತಿ, ಪಂಗಡ ಬಿಟ್ಟು ಉಳಿದ ಜಾತಿಗಳ ಗ್ರಾಮವಾರು ಸಂಖ್ಯೆ ಆ ಜನಗಣತಿಯಲ್ಲಿ ಇಲ್ಲ. ಹಾಗಾಗಿ ಈ ವಿಧಾನ 'ದಲಿತರು, ಉಳಿದವರು' ಎಂಬ ಎರಡೇ ಭಾಗಕ್ಕೆ ಹೊಂದುತ್ತದೆ.

ಈಗ ಲೆಕ್ಕ. 900 ಮತ ಬಿದ್ದ ಒಂದು ಮತಗಟ್ಟೆ ಇದೆ ಎನ್ನಿ. ಅದರಲ್ಲಿ ದಲಿತರು 300, ಉಳಿದವರು 600. ದಲಿತ ಅಭ್ಯರ್ಥಿಗೆ 340 ಮತ ಬಂದಿದೆ. ದಲಿತರು ಒಬ್ಬರೂ ಬಿಡದೆ ಹಾಕಿದ್ದರೂ 300 ಆಗುತ್ತಿತ್ತು, ಆದ್ದರಿಂದ ಉಳಿದವರಿಂದ ಕಡೇಪಕ್ಷ 40 ಬಂದಿರಲೇಬೇಕು. ದಲಿತರು ಒಬ್ಬರೂ ಹಾಕದಿದ್ದರೆ 340ಕ್ಕೆ 340 ಉಳಿದವರದ್ದೇ. ಅಂದರೆ ಉಳಿದವರ ಬೆಂಬಲ ಶೇ. 7ರಿಂದ 57ರ ನಡುವೆ ಎಲ್ಲಾದರೂ ಇರಬಹುದು. ಇಷ್ಟು ಅಗಲದ ಉತ್ತರದಿಂದ ಏನು ಪ್ರಯೋಜನ ಎನ್ನಿಸಬಹುದು. ಆದರೆ ಇದರಲ್ಲಿ ಊಹೆ ಕಡಿಮೆ. ಇದನ್ನು ಮೊದಲು ಬರೆದುಕೊಂಡರೆ ಆಮೇಲೆ ಹಾಕುವ ಗೆರೆ ಎಷ್ಟು ನಂಬಿಕೆಯ ಮೇಲೆ ನಿಂತಿದೆ ಎಂದು ಗೊತ್ತಾಗುತ್ತದೆ.

ಗೆರೆ ಎಂದರೆ ಹಿಂಜರಿತ ವಿಶ್ಲೇಷಣೆ (ರಿಗ್ರೆಷನ್). ಅಡ್ಡಸಾಲಿನಲ್ಲಿ ಮತಗಟ್ಟೆಯ ದಲಿತರ ಪಾಲು, ಲಂಬಸಾಲಿನಲ್ಲಿ ಅಭ್ಯರ್ಥಿಯ ಮತದ ಪಾಲು ಇಟ್ಟು ಎಲ್ಲ ಮತಗಟ್ಟೆಗಳ ಚುಕ್ಕಿ ಹಾಕಿ ಗೆರೆ ಎಳೆಯಿರಿ. ದಲಿತರ ಪಾಲು ಸೊನ್ನೆ ಇರುವ ಕಡೆ ಗೆರೆ ಎಷ್ಟಕ್ಕೆ ನಿಲ್ಲುತ್ತದೋ ಅದು ಉಳಿದವರ ಬೆಂಬಲದ ಅಂದಾಜು, ನೂರಕ್ಕೆ ನೂರು ಇರುವ ಕಡೆಯದು ದಲಿತರದ್ದು. ಸ್ಪ್ರೆಡ್‌ಶೀಟ್‌ನಲ್ಲಿ ಹತ್ತು ನಿಮಿಷದ ಕೆಲಸ. 1986ರ ಥಾರ್ನ್‌ಬರ್ಗ್ ವಿರುದ್ಧ ಗಿಂಗಲ್ಸ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಮತದಾನ ಜನಾಂಗದ ಮೇಲೆ ಒಡೆದಿದೆಯೇ ಎಂದು ನೋಡುವಾಗ ಒಪ್ಪಿದ್ದು ಇದೇ ಲೆಕ್ಕವನ್ನು, ಜೊತೆಗೆ ಒಂದೇ ಜನಾಂಗ ತುಂಬಿದ ಮತಗಟ್ಟೆಗಳ ಹೋಲಿಕೆಯನ್ನು.

ಇದು ಕೈಕೊಡುವುದು ಎಲ್ಲಿ ಎಂದು ತಿಳಿದಿರಬೇಕು. 1950ರಲ್ಲಿ ರಾಬಿನ್ಸನ್ ಎಂಬ ಸಮಾಜಶಾಸ್ತ್ರಜ್ಞ ತೋರಿಸಿಕೊಟ್ಟ ತಪ್ಪು ಇದು: ವಲಸೆ ಬಂದವರು ಹೆಚ್ಚಿದ್ದ ಅಮೆರಿಕದ ರಾಜ್ಯಗಳಲ್ಲಿ ಸಾಕ್ಷರತೆ ಹೆಚ್ಚಿತ್ತು, ಆದರೆ ವಲಸಿಗರು ಸ್ವತಃ ಕಡಿಮೆ ಸಾಕ್ಷರರು. ಗುಂಪಿನ ಅಂಕಿಯಿಂದ ವ್ಯಕ್ತಿಯ ನಡವಳಿಕೆ ಹೇಳಲು ಹೋದರೆ ಹೀಗೆ ತಲೆಕೆಳಗಾಗುತ್ತದೆ. ವಿಶ್ವೇಶ್ವರಯ್ಯ ನಾಲೆಯ ನೀರು ಬರುವ ಊರು, ಬಾರದ ಮಳೆಯಾಶ್ರಿತ ಊರು ಎರಡನ್ನೂ ಒಂದೇ ಗೆರೆಯಲ್ಲಿ ಹಾಕಬೇಡಿ. ಅಲ್ಲಿನ ಒಕ್ಕಲಿಗರೂ ದಲಿತರೂ ಬೇರೆ ಬೇರೆ ಲೆಕ್ಕದಲ್ಲಿ ವೋಟು ಹಾಕುತ್ತಾರೆ. ನಾಲೆ ಊರಿಗೆ ಒಂದು ಗೆರೆ, ಒಣ ಊರಿಗೆ ಒಂದು ಗೆರೆ. ಉತ್ತರ ಸೊನ್ನೆಗಿಂತ ಕೆಳಗೆ ಅಥವಾ ನೂರಕ್ಕಿಂತ ಮೇಲೆ ಬಂದರೆ ಕಂಪ್ಯೂಟರಿನ ತಪ್ಪಲ್ಲ, ನಿಮ್ಮ ಊಹೆ ಮುರಿದಿದೆ ಎಂದರ್ಥ.

ಅದೇ ಜನ, ಎರಡು ಚುನಾವಣೆ

ನಮ್ಮ ಭಾಗದ ಕ್ಷೇತ್ರಗಳ ಹಂಚಿಕೆಯೇ ಒಂದು ಪರೀಕ್ಷೆಯನ್ನು ಸಿದ್ಧಮಾಡಿ ಇಟ್ಟಿದೆ, ಬಹಳ ಜನ ಗಮನಿಸಿಲ್ಲ. ಮಳವಳ್ಳಿ ವಿಧಾನಸಭೆಗೆ ಪರಿಶಿಷ್ಟ ಜಾತಿಗೆ ಮೀಸಲು, ಆದರೆ ಅದು ಸೇರಿರುವ ಮಂಡ್ಯ ಲೋಕಸಭಾ ಕ್ಷೇತ್ರ ಸಾಮಾನ್ಯ. ವರುಣಾ ಇದಕ್ಕೆ ಉಲ್ಟಾ: ವಿಧಾನಸಭೆಗೆ ಸಾಮಾನ್ಯ, ಲೋಕಸಭೆಗೆ ಸೇರುವುದು ಮೀಸಲು ಕ್ಷೇತ್ರವಾದ ಚಾಮರಾಜನಗರಕ್ಕೆ. ಗುಂಡ್ಲುಪೇಟೆಯೂ ವರುಣಾದ ಹಾಗೆಯೇ. 2023ರ ಮೇ 10ರಂದು ಮತ್ತು 2024ರ ಏಪ್ರಿಲ್ 26ರಂದು ಬಹುಪಾಲು ಅದೇ ಜನ, ಅದೇ ಶಾಲೆಯ ಕೊಠಡಿಯಲ್ಲಿ ಮತ ಹಾಕಿದ್ದಾರೆ. ಒಮ್ಮೆ ಎಲ್ಲ ಅಭ್ಯರ್ಥಿಗಳೂ ಪರಿಶಿಷ್ಟ ಜಾತಿಯವರು, ಇನ್ನೊಮ್ಮೆ ಹಾಗಲ್ಲ.

ನೋಡಬೇಕಾದ್ದು ದಲಿತೇತರರೇ ಹೆಚ್ಚಿರುವ ಮತಗಟ್ಟೆಗಳಲ್ಲಿ ಮತದಾನದ ಪ್ರಮಾಣ ಮತ್ತು ನೋಟಾ. ಮೀಸಲು ಇದ್ದಾಗ ಜನ ಮನೆಯಲ್ಲೇ ಉಳಿದರೇ? ನೋಟಾ ಒತ್ತಿದರೇ? ಆದರೆ ವಿಧಾನಸಭೆಗೂ ಲೋಕಸಭೆಗೂ ಮತದಾನದ ಉತ್ಸಾಹ ಹೇಗೂ ಬೇರೆ. ಅದಕ್ಕೇ ಎರಡೂ ಚುನಾವಣೆಯಲ್ಲಿ ಸಾಮಾನ್ಯವಾಗಿದ್ದ ಪಕ್ಕದ ಕ್ಷೇತ್ರ ಬೇಕು: ಮಳವಳ್ಳಿಗೆ ಮದ್ದೂರು, ವರುಣಾಕ್ಕೆ ಚಾಮುಂಡೇಶ್ವರಿಯ ಹಳ್ಳಿಗಾಡಿನ ಮತಗಟ್ಟೆಗಳು. ಮಳವಳ್ಳಿಯಲ್ಲಿ ಆದ ಬದಲಾವಣೆಯಿಂದ ಮದ್ದೂರಿನಲ್ಲಿ ಆದ ಬದಲಾವಣೆಯನ್ನು ಕಳೆದು, ಉಳಿದದ್ದನ್ನು ಮಾತ್ರ ಓದಿ. 2023ರಲ್ಲಿ ವರುಣಾದಲ್ಲಿ ಸಿದ್ದರಾಮಯ್ಯನವರು ನಿಂತಿದ್ದರಿಂದ ಅಲ್ಲಿನ ಮತದಾನಕ್ಕೆ ತನ್ನದೇ ಬಿಸಿ ಇತ್ತು, ಹಾಗಾಗಿ ಗುಂಡ್ಲುಪೇಟೆಯನ್ನೂ ಸೇರಿಸಿ ನೋಡುವುದು ಕ್ಷೇಮ.

ಮತಗಟ್ಟೆಯ ಸಂಖ್ಯೆ ಹಿಡಿದು ಎರಡು ವರ್ಷದ ಪಟ್ಟಿ ಜೋಡಿಸಬೇಡಿ. ಹೊಸ ಮತಗಟ್ಟೆ ಸೇರಿದರೆ ಸಂಖ್ಯೆ ಜರುಗುತ್ತದೆ, 112 ಇದ್ದದ್ದು 114 ಆಗಿರುತ್ತದೆ. ಊರು ಮತ್ತು ಶಾಲೆಯ ಹೆಸರಿನಿಂದ ಜೋಡಿಸಿ.

ವ್ಯತ್ಯಾಸ ಏನೂ ಕಾಣದಿದ್ದರೆ 'ಪೂರ್ವಗ್ರಹ ಇಲ್ಲ' ಎಂದು ಬರೆಯಬೇಡಿ. ಮೀಸಲು ಕ್ಷೇತ್ರದಲ್ಲಿ ಎಲ್ಲ ಪಕ್ಷದವರೂ ದಲಿತರನ್ನೇ ನಿಲ್ಲಿಸುವುದರಿಂದ ಮತದಾರ ಪಕ್ಷ ನೋಡಿ ಆರಿಸಿಕೊಳ್ಳುತ್ತಾನೆ, ಪೂರ್ವಗ್ರಹಕ್ಕೆ ಅಲ್ಲಿ ಕೆಲಸವೇ ಇರುವುದಿಲ್ಲ. ಅದರ ನಿಜವಾದ ಪರೀಕ್ಷೆ ಸಾಮಾನ್ಯ ಕ್ಷೇತ್ರದಲ್ಲಿ ದಲಿತರೊಬ್ಬರು ನಿಂತಾಗ. ಆ ಟಿಕೆಟ್ ಅಪರೂಪವಾಗಿರುವುದು, ಮತದಾರನಿಗೆ ಮುಂಚೆಯೇ ಪಕ್ಷ ಅವನ ಪರವಾಗಿ ತೀರ್ಮಾನ ಮಾಡಿಬಿಡುವುದು, ನಮ್ಮ ಪ್ರಕಾರ ಇಡೀ ವಿಷಯದಲ್ಲಿ ಅತ್ಯಂತ ನೋವಿನ ಭಾಗ.

ಹುಣಸೆ ಬೀಜದ ಪ್ರಶ್ನೆ

ಬೆಲೆಪಟ್ಟಿಯ ಹಾಗೆ ಒಂದು ಪಟ್ಟಿ ಓದಿ, 'ಎಷ್ಟು' ಎಂದು ಮಾತ್ರ ಕೇಳುವ ಉಪಾಯ 1991ರಲ್ಲಿ ಅಮೆರಿಕದ ಒಂದು ರಾಷ್ಟ್ರೀಯ ಸಮೀಕ್ಷೆಯಲ್ಲಿ ಬಳಕೆಯಾಯಿತು. ಅರ್ಧ ಜನರಿಗೆ ಕೋಪ ತರಿಸಬಹುದಾದ ಮೂರು ವಿಷಯ ಓದಿದರು. ಉಳಿದರ್ಧಕ್ಕೆ ಅವೇ ಮೂರು, ಜೊತೆಗೆ 'ಪಕ್ಕದ ಮನೆಗೆ ಕಪ್ಪು ಜನಾಂಗದ ಕುಟುಂಬ ಬರುವುದು'. ಯಾವುದು ಎಂದು ಯಾರೂ ಹೇಳಬೇಕಿಲ್ಲ. ಎರಡು ಗುಂಪಿನ ಸರಾಸರಿಯ ವ್ಯತ್ಯಾಸವೇ ನಾಲ್ಕನೆಯದಕ್ಕೆ ಕೋಪಗೊಂಡವರ ಪಾಲು.

ಮಂಡ್ಯಕ್ಕೆ ಪಟ್ಟಿ ಹೀಗಿರಬಹುದು. "ನಾಲೆಗೆ ನೀರು ಬಿಡೋ ದಿನ ಕಡೇ ಗಳಿಗೆಲಿ ಹೇಳೋದು. ಚುನಾವಣೆ ಟೈಮಲ್ಲಿ ರಾತ್ರಿ ಹತ್ತಾದ್ರೂ ಮೈಕು ಕೂಗ್ಸೋದು. ಪಂಚಾಯ್ತಿ ಸಭೆನ ಬೆಳಿಗ್ಗೆ ಹೊತ್ತೇ ಇಡೋದು." ಎರಡನೇ ಗುಂಪಿಗೆ ಇನ್ನೊಂದು: "ಸಾಮಾನ್ಯ ಸೀಟಿಗೆ ಪಕ್ಷದೋರು ದಲಿತರನ್ನ ನಿಲ್ಸೋದು." ಕೊನೆಗೆ: "ಇದ್ರಲ್ಲಿ ಎಷ್ಟು ವಿಚಾರ ನಿಮ್ಗೆ ಬೇಜಾರು ತರ್ತವೆ? ಯಾವ್ದು ಅಂತ ಹೇಳ್ಬೇಡಿ, ಎಷ್ಟು ಅಂತ ಮಾತ್ರ ಹೇಳಿ." ಮೂರು ವಿಷಯದಲ್ಲಿ ಮೊದಲನೆಯದು ಬಹಳ ಜನಕ್ಕೆ ಬೇಸರ ತರುವಂಥದ್ದು, ಕೊನೆಯದು ಕೆಲವೇ ಜನಕ್ಕೆ. ಮೂರೂ ಎಲ್ಲರಿಗೂ ಬೇಸರ ತರುವುದಾದರೆ, ನಾಲ್ಕನೆಯದೂ ಬೇಸರ ಎನ್ನುವವನು 'ನಾಲ್ಕು' ಎನ್ನಬೇಕಾಗುತ್ತದೆ. ಗುಟ್ಟು ರಟ್ಟಾಗುತ್ತದೆಂದು ಅವನು 'ಮೂರು' ಎಂದುಬಿಡುತ್ತಾನೆ. ಅದಕ್ಕೇ ಕಬ್ಬಿನ ಬಾಕಿ ಹಣದಂಥ, ಎಲ್ಲರಿಗೂ ಉರಿಯುವ ವಿಷಯಗಳನ್ನು ಒಂದಕ್ಕಿಂತ ಹೆಚ್ಚು ಹಾಕಬೇಡಿ.

ವಯಸ್ಸಾದವರು ಮನಸ್ಸಿನಲ್ಲಿ ಎಣಿಸುವುದು ಕಷ್ಟ. ಎಲ್ಲರಿಗೂ ನಾಲ್ಕು ಹುಣಸೆ ಬೀಜ ಕೊಡಿ. ಬಲಗೈಯಲ್ಲಿ ನಾಲ್ಕೂ, ಎರಡೂ ಕೈ ಟವೆಲ್ ಅಥವಾ ಸೆರಗಿನ ಕೆಳಗೆ. ಒಂದೊಂದು ವಿಷಯ ಓದಿದಾಗಲೂ ಬೇಸರವಾದರೆ ಒಂದು ಬೀಜ ಎಡಗೈಗೆ. ಓದುವವರು ಆ ಹೊತ್ತಿಗೆ ಕಾಗದ ನೋಡುತ್ತಿರಬೇಕು, ಕೈ ನೋಡಬಾರದು. ಕೊನೆಗೆ ಎಡಗೈ ಬಿಚ್ಚಿ ಎಣಿಸಿ ಹೇಳಿದರೆ ಆಯಿತು.

ಮೂರು ವಿಷಯದ ಗುಂಪಿನ ಸರಾಸರಿ 1.42, ನಾಲ್ಕರ ಗುಂಪಿನದು 1.71 ಬಂತು ಎಂದುಕೊಳ್ಳಿ. ವ್ಯತ್ಯಾಸ 0.29, ಅಂದರೆ ಶೇ. 29. ಆದರೆ ಗುಂಪಿಗೆ 300 ಜನ ಇದ್ದರೆ ತಪ್ಪಿನ ಅಂತರ ಆಚೆಈಚೆ ಸುಮಾರು 16 ಅಂಶ. ಅಂದರೆ ನಿಮಗೆ ನಿಜವಾಗಿ ಗೊತ್ತಾದದ್ದು 13ರಿಂದ 45. ಗುಂಪಿಗೆ ಸಾವಿರ ಮಾಡಿದರೆ ಅದು 9ಕ್ಕೆ ಇಳಿಯುತ್ತದೆ. ನೂರು ಜನರ ಮೇಲೆ ಇದನ್ನು ಮಾಡಿ ಪತ್ರಿಕೆಗೆ ಕೊಡುವುದು ಬರೀ ಗದ್ದಲ. ಮೂರು ವಿಷಯದ ಗುಂಪಿಗೆ ಮಾತ್ರ, ಸಂದರ್ಶನದ ಕೊನೆಯಲ್ಲಿ, ಅದೇ ಪ್ರಶ್ನೆಯನ್ನು ನೇರವಾಗಿ ಕೇಳಿ. ನೇರ ಉತ್ತರಕ್ಕೂ ಬೀಜದ ಉತ್ತರಕ್ಕೂ ಇರುವ ಅಂತರವೇ ಮುಚ್ಚಿಟ್ಟ ಪಾಲು.

ಅಭ್ಯರ್ಥಿ ಚೀಟಿ

ಒಂದನ್ನೇ ಮಾಡಲು ಶಕ್ತಿ ಇದ್ದರೆ ಇದನ್ನು ಮಾಡಿ. ಕಾಲ್ಪನಿಕ ಅಭ್ಯರ್ಥಿಗಳ ಎರಡು ಚೀಟಿ ಪಕ್ಕಪಕ್ಕ ಇಟ್ಟು, ಯಾರಿಗೆ ಹಾಕುತ್ತೀರಿ ಎಂದು ಕೇಳುವುದು. ಒಂದೊಂದು ಚೀಟಿಯಲ್ಲಿ ಐದು ಸಾಲು: ವಯಸ್ಸು, ಓದು, ಮೊದಲು ಮಾಡಿದ ಕೆಲಸ (ಎರಡು ಸಲ ಪಂಚಾಯ್ತಿ ಸದಸ್ಯ, ಡೇರಿ ಕಾರ್ಯದರ್ಶಿ, ಮೇಷ್ಟ್ರು), ಊರು ಹತ್ತಿರವೋ ದೂರವೋ, ಸಮುದಾಯ. ಎಲ್ಲ ಸಾಲನ್ನೂ ಯಾವ ಕ್ರಮವೂ ಇಲ್ಲದೆ ಅದಲುಬದಲು ಮಾಡಿ ಅಚ್ಚು ಹಾಕಿಸಬೇಕು. ಜಾತಿಯ ಸಾಲು ಒಂದೇ ಬದಲಾಗುತ್ತಿದ್ದರೆ ಎರಡನೇ ಜೋಡಿಗೇ ಜನಕ್ಕೆ ನೀವು ಏನು ಹುಡುಕುತ್ತಿದ್ದೀರಿ ಎಂದು ಹೊಳೆದುಬಿಡುತ್ತದೆ. ಒಬ್ಬರಿಗೆ ಮೂರು ಜೋಡಿ ಸಾಕು; ಐದಾದರೆ ನೋಡದೆ ಎಡಗಡೆಯದನ್ನೇ ತೋರಿಸುತ್ತಾರೆ.

ಲೆಕ್ಕ ಮಾಡುವಾಗ ಮೊದಲ ಭಾಗದಲ್ಲಿ ಹೇಳಿದ್ದನ್ನು ಕಟ್ಟುನಿಟ್ಟಾಗಿ ಪಾಲಿಸಿ. ಮತದಾರನ ಸ್ವಂತ ಜಾತಿಯ ಚೀಟಿ ಇರುವ ಜೋಡಿಗಳನ್ನು ಬೇರೆ ತೆಗೆದಿಡಿ, ಅವು ಒಲವಿನ ಲೆಕ್ಕ. ಉಳಿದವುಗಳಲ್ಲಿ ಒಂದು ಚೀಟಿ ದಲಿತರದ್ದು, ಇನ್ನೊಂದು ಬೇರೆಯವರದ್ದು ಆಗಿರುವ ಜೋಡಿಗಳಲ್ಲಿ ದಲಿತ ಚೀಟಿಯನ್ನು ಆರಿಸಿದವರ ಪಾಲು 50ಕ್ಕಿಂತ ಎಷ್ಟು ಕೆಳಗಿದೆಯೋ ಅದು ನೀವು ಹುಡುಕುತ್ತಿದ್ದ ಸಂಖ್ಯೆ. ಅಂಥ ಜೋಡಿಗಳು 400 ಇದ್ದರೆ ತಪ್ಪಿನ ಅಂತರ ಸುಮಾರು 5 ಅಂಶ. ಒಬ್ಬರೇ ಮೂರು ಜೋಡಿ ನೋಡಿರುವುದರಿಂದ ಸ್ವಲ್ಪ ಹೆಚ್ಚೇ ಇಟ್ಟುಕೊಳ್ಳಿ. ಓದು, ಅನುಭವ ಹೆಚ್ಚಿರುವ ದಲಿತ ಚೀಟಿಗೆ ಆ ಕೊರತೆ ತುಂಬಿಕೊಳ್ಳುತ್ತದೆಯೇ ಎಂದೂ ನೋಡಿ. ಉಳಿದವರಿಗೆ ಸಮನಾಗಲು ಒಬ್ಬರು ಎಷ್ಟು ಹೆಚ್ಚು ಓದಿರಬೇಕು ಎಂಬುದು ಬರೀ ಅಂಕಿಯಲ್ಲ.

ಊರಿನೊಳಗೆ

600 ಜನ ಬೇಕಾದರೆ 30 ಮತಗಟ್ಟೆ, ಒಂದರಲ್ಲಿ 20. ಮತಗಟ್ಟೆಯಲ್ಲಿ 960 ಹೆಸರಿದ್ದರೆ 48ಕ್ಕೊಂದು. 1ರಿಂದ 48ರೊಳಗೆ ಚೀಟಿ ಎತ್ತಿ ಆರಂಭದ ಸಂಖ್ಯೆ ತೀರ್ಮಾನಿಸಿ. ಪಟ್ಟಿಯಲ್ಲಿ ಹೆಸರಿದ್ದೂ ಬೆಂಗಳೂರಲ್ಲಿ ಇರುವವರು ಬಹಳ. ಅದಕ್ಕೆ ಆ 20ರ ಜೊತೆ ಇನ್ನೂ ಎಂಟು ಹೆಸರು ಹೆಚ್ಚಿಗೆ ಇಟ್ಟುಕೊಂಡು, ಮೂರು ಸಲ ಹೋಗಿ ಸಿಗದಿದ್ದರೆ ಮಾತ್ರ ಮುಂದಿನದಕ್ಕೆ ಹೋಗಿ. ಹೊಸತೊಡಕಿನ ಹೊತ್ತಿಗೆ ಊರಿಗೆ ಬರುವ ಇವರನ್ನು ಬಿಟ್ಟರೆ ನಿಮ್ಮ ಸಮೀಕ್ಷೆ ಮುದುಕರ ಸಮೀಕ್ಷೆಯಾಗುತ್ತದೆ. ಒಬ್ಬರು ದಿನಕ್ಕೆ ಎಂಟು ಸಂದರ್ಶನ ಮಾಡಿದರೆ ಹೆಚ್ಚು. ಆರು ಜನಕ್ಕೆ ಹದಿಮೂರು ದಿನದ ಕೆಲಸ. ಡೇರಿಗೆ ಹಾಲು ಹಾಕುವ ಹೊತ್ತು ತಪ್ಪಿಸಿ. ಕಟಾವಿನ ತಿಂಗಳಲ್ಲಿ ಹೋಗಲೇಬೇಡಿ.

ಕೇಳುವವರ ಜಾತಿ ಉತ್ತರವನ್ನು ಬದಲಿಸುತ್ತದೆ. ಒಂದೇ ಜಾತಿಯವರ ತಂಡ ಕಟ್ಟಬೇಡಿ, ಯಾರು ಯಾವ ಮನೆಗೆ ಎಂಬುದನ್ನು ಚೀಟಿ ಎತ್ತಿ ಹಂಚಿ, ಪ್ರತಿ ನಮೂನೆಯಲ್ಲೂ ಸಂದರ್ಶಕರ ಸಂಕೇತ ಸಂಖ್ಯೆ ಬರೆಸಿ. ಆಮೇಲೆ ಅದರ ಪ್ರಕಾರ ಉತ್ತರಗಳನ್ನು ಬೇರ್ಪಡಿಸಿ ನೋಡಬಹುದು. ದಲಿತ ಸಂದರ್ಶಕರನ್ನು ಜಗಲಿಯ ಕೆಳಗೇ ನಿಲ್ಲಿಸುವ ಮನೆ ಸಿಗಬಹುದು. ಸಹಿಸಿಕೊಂಡು ಕೆಲಸ ಮುಗಿಸಿ ಎಂದು ಅವರಿಗೆ ಹೇಳುವ ಹಕ್ಕು ಯಾವ ಮೇಲ್ವಿಚಾರಕರಿಗೂ ಇಲ್ಲ. ಎದ್ದು ಬರಬಹುದು, ಆ ನಮೂನೆ ಖಾಲಿ ಇದ್ದರೂ ದಿನದ ಕೂಲಿ ಕಡಿತವಿಲ್ಲ ಎಂದು ಮೊದಲ ದಿನವೇ ಹೇಳಿಬಿಡಿ.

ಜಗಲಿಯಲ್ಲಿ ನಾಲ್ಕು ಜನ ಕೂಡಿದರೆ ಬೀಜದ ಪ್ರಶ್ನೆ ಕೇಳಬೇಡಿ, ಅದನ್ನು ಒಬ್ಬರೇ ಸಿಕ್ಕಾಗ ಕೇಳುವಂತೆ ನಮೂನೆಯನ್ನು ಜೋಡಿಸಿಕೊಳ್ಳಿ. ಹೆಂಗಸರನ್ನು ಹೆಂಗಸರೇ, ಅತ್ತೆ, ಗಂಡ ಇಲ್ಲದ ಕಡೆ ಮಾತನಾಡಿಸಬೇಕು. ಹೋದ ಸಲ ಯಾರಿಗೆ ಹಾಕಿದಿರಿ ಎಂದು ಬಾಯಲ್ಲಿ ಕೇಳುವ ಬದಲು ಚಿಹ್ನೆಗಳಿರುವ ನಕಲಿ ಮತಪತ್ರ ಕೊಟ್ಟು, ಗುರುತು ಹಾಕಿ ಮಡಚಿ ಡಬ್ಬಿಗೆ ಹಾಕಿಸಿ. ಆದರೂ ಗೆದ್ದವರಿಗೇ ಹಾಕಿದ್ದೆ ಎನ್ನುವವರು ಲೆಕ್ಕಕ್ಕಿಂತ ಹೆಚ್ಚೇ ಸಿಗುತ್ತಾರೆ.

ಕಾನೂನು, ಮತ್ತು ಕಾಗದಗಳ ಗತಿ

1951ರ ಜನಪ್ರಾತಿನಿಧ್ಯ ಕಾಯ್ದೆಯ 126ಎ ಕಲಂ ಪ್ರಕಾರ ಚುನಾವಣಾ ಆಯೋಗ ಪ್ರಕಟಿಸಿದ ಅವಧಿಯಲ್ಲಿ ಮತಗಟ್ಟೆ ಸಮೀಕ್ಷೆ (ಎಕ್ಸಿಟ್ ಪೋಲ್) ನಡೆಸಿ ಪ್ರಕಟಿಸುವುದು ಎರಡು ವರ್ಷದವರೆಗೆ ಸಜೆಯ ಅಪರಾಧ. ಚುನಾವಣೆ ಮುಗಿದು ಒಂದೆರಡು ತಿಂಗಳಿಗೆ ಕೆಲಸ ಇಟ್ಟುಕೊಂಡರೆ ಈ ತಲೆನೋವೂ ಇಲ್ಲ, ಕಾರ್ಯಕರ್ತರ ಕಾಟವೂ ಇಲ್ಲ. ಅಭ್ಯರ್ಥಿಯ ಕಡೆಯವರು ಜಾತಿ ಹೆಸರಲ್ಲಿ ಮತ ಕೇಳುವುದು ಅದೇ ಕಾಯ್ದೆಯ 123ನೇ ಕಲಂ ಪ್ರಕಾರ ಭ್ರಷ್ಟಾಚರಣೆ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ, ಬಹುಮತದಿಂದ, ಮತದಾರನ ಜಾತಿಯ ಹೆಸರು ಹೇಳಿ ಕೇಳುವುದೂ ಇದರಲ್ಲಿ ಸೇರುತ್ತದೆ ಎಂದಿತು. ದಲಿತರನ್ನು ಇಂಥವರಿಗೇ ಹಾಕು, ಹಾಕಬೇಡ ಎಂದು ಹೆದರಿಸಿದ್ದು ಕಿವಿಗೆ ಬಿದ್ದರೆ ಅದು ಸಮೀಕ್ಷೆಯ ವಿಷಯವಲ್ಲ, ದೌರ್ಜನ್ಯ ತಡೆ ಕಾಯ್ದೆಯ ವಿಷಯ. ಹೇಳಿದವರ ಒಪ್ಪಿಗೆ ಇದ್ದರೆ ದೂರು ಕೊಡಲು ನೆರವಾಗಿ.

ಫಲಿತಾಂಶವನ್ನು ತಾಲ್ಲೂಕಿನ ಮಟ್ಟಕ್ಕಿಂತ ಕೆಳಗೆ ಪ್ರಕಟಿಸಬೇಡಿ. 'ಈ ಕಾಲೋನಿಯವರು ನಮಗೆ ಹಾಕಿಲ್ಲ' ಎಂದು ಗೊತ್ತಾದ ಮೇಲೆ ಬೋರ್‌ವೆಲ್, ಚರಂಡಿ, ಮನೆ ಮಂಜೂರಾತಿಯಲ್ಲಿ ಸೇಡು ತೀರಿಸಿಕೊಳ್ಳುವುದು ಸುಲಭ. ಹಲವು ಮತಗಟ್ಟೆಯ ಮತ ಬೆರೆಸಿ ಎಣಿಸುವ ಟೋಟಲೈಸರ್ ಯಂತ್ರ ಬಳಸಿ ಎಂದು ಕಾನೂನು ಆಯೋಗ 2015ರ ತನ್ನ 255ನೇ ವರದಿಯಲ್ಲಿ ಹೇಳಿದ್ದು ಇದೇ ಭಯಕ್ಕೆ. ಫಾರ್ಮ್ 20 ಈಗಾಗಲೇ ಬಹಿರಂಗ ಇದೆ ಎಂಬುದು ನಿಜ, ಆದರೆ ಅದರ ಪಕ್ಕಕ್ಕೆ ಜಾತಿಯ ಕಾಲಂ ಸೇರಿಸಿ ಕೊಡುವವರು ನೀವಾಗಬೇಡಿ. ನಮೂನೆಯಲ್ಲಿ ಹೆಸರು, ಗುರುತಿನ ಚೀಟಿ ಸಂಖ್ಯೆ, ಫೋನ್ ನಂಬರ್ ಇರಕೂಡದು. ಗುರುತು ಹಾಕಿದ ಮತದಾರರ ಪಟ್ಟಿಯ ಪ್ರತಿಗಳನ್ನು ತಂಡದ ಒಬ್ಬರ ಬಳಿ ಮಾತ್ರ ಬೀಗದಲ್ಲಿಟ್ಟು, ಅಂಕಿಗಳು ಕಂಪ್ಯೂಟರಿಗೆ ಹೋಗಿ ಎರಡು ಸಲ ತಾಳೆಯಾದ ದಿನವೇ ಸುಟ್ಟುಹಾಕಿ.